ಕಂಟ್ರೋಲಕ್ಕನ ಸವಾರಿ

ಊರಿನ ಅರ್ಧ ಜನಕ್ಕೆ ಕಂಟ್ರೋಲಕ್ಕನ ದನಿ ಗೊತ್ತು, ಮುಖ ಗೊತ್ತಿಲ್ಲ. ಟ್ಯಾಕ್ಸಿ ಬೇಕೆಂದು ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ ಮಾತಾಡುವವಳು ಅವಳೇ. "ಎಲ್ಲಿಂದ? ಎಲ್ಲಿಗೆ? ಎಷ್ಟು ಜನ?" ಅಷ್ಟೇ. ಏನು ಬಿಗುಮಾನಾನೋ ಈಕೆಗೆ ಎಂದು ಹೊಸ ಡ್ರೈವರುಗಳು ಮೂಗು ಮುರಿಯುತ್ತಿದ್ದರು. ಬಿಗುಮಾನವೂ ಇಲ್ಲ, ಮಣ್ಣೂ ಇಲ್ಲ. ಉದ್ದದ ಮಾತಿಗೆ ಅವಳ ಎದೆಯಲ್ಲಿ ಗಾಳಿ ಸಾಲುತ್ತಿರಲಿಲ್ಲ.

ಚಿಕ್ಕಂದಿನಿಂದ ಸ್ನಾಯುಗಳು ಒಂದೊಂದಾಗಿ ಕೈಕೊಡುತ್ತಾ ಬಂದು, ಮೂವತ್ತು ದಾಟುವ ಹೊತ್ತಿಗೆ ಅವಳ ಮಾತು ಕೇಳುವುದಕ್ಕೆ ಉಳಿದದ್ದು ಬಲಗೈಯ ಹೆಬ್ಬೆರಳು ಮತ್ತು ನಾಲಿಗೆ. ಹೆಬ್ಬೆರಳಿನಿಂದ ಗಾಲಿಕುರ್ಚಿ ಓಡಿಸುತ್ತಿದ್ದಳು, ಕಂಪ್ಯೂಟರಿನ ಮೌಸ್ ಒತ್ತುತ್ತಿದ್ದಳು. ನಾಲಿಗೆಯಿಂದ ಮಿಕ್ಕ ಸಂಸಾರವನ್ನೆಲ್ಲ ನಡೆಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಆಫೀಸು. ಒಂದು ಮೇಜು, ಕಿವಿಗೆ ಹೆಡ್‌ಫೋನ್, ಪರದೆಯ ಮೇಲೆ ಹರಿದಾಡುವ ಕಾರುಗಳು. ಕುತ್ತಿಗೆಗೆ ತಲೆ ಹೊರುವ ತಾಕತ್ತಿರಲಿಲ್ಲವಾದ್ದರಿಂದ ಹಣೆಗೊಂದು ಮೆತ್ತನೆಯ ಪಟ್ಟಿ ಸುತ್ತಿ ಕುರ್ಚಿಯ ದಿಂಬಿಗೆ ಕಟ್ಟಬೇಕಿತ್ತು. ತಲೆ ಹಿಂದಕ್ಕೆ ವಾಲಿತೋ, ಗಂಟಲು ಮುಚ್ಚಿ ಉಸಿರು ನಿಂತೇಹೋಗುತ್ತಿತ್ತು.

ಹೀಗಿದ್ದ ಮೇಲೆ ಅವಳನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುವುದೆಂದರೆ ತಮಾಷೆಯ ಮಾತಲ್ಲ. ಆದರೆ ಅವಳಮ್ಮ ಅದನ್ನು ತಮಾಷೆಯಾಗಿಯೇ ಮಾಡುತ್ತಿದ್ದಳು. ಕಂಕುಳಿಗೆ ಕೈ ಹಾಕಿದಳೆಂದರೆ ಬಾಯಿ ತೆರೆಯುತ್ತಿತ್ತು. "ಏಳಮ್ಮಾ ಮಹಾರಾಣಿ, ಪಲ್ಲಕ್ಕಿಯವರೆಲ್ಲ ರಜಾ ಹಾಕಿದಾರೆ, ಇವತ್ತೂ ನಾನೇ ಗತಿ." ಇನ್ನೊಂದು ದಿನ, "ನಿನ್ನ ತಮ್ಮ ಸ್ನಾನಕ್ಕೆ ಹೋದ ಕಣೇ, ಇನ್ನು ಬೀದಿಯವರಿಗೆ ನೀರಿಲ್ಲ." ಇವತ್ತು ಹೇಳಿದ್ದು ನಾಳೆ ಹೇಳುತ್ತಿರಲಿಲ್ಲ. ಮಗಳು ಕಿಸಕ್ಕನೆ ನಗುವಷ್ಟರಲ್ಲಿ ಕುರ್ಚಿಯ ಮೇಲಿರುತ್ತಿದ್ದಳು.

ಒಂದು ಮಧ್ಯಾಹ್ನ ಅರ್ಧ ಎತ್ತಿದ್ದ ಅಮ್ಮನ ಎಡಗೈ ಸೋತುಹೋಯಿತು. ಇಬ್ಬರೂ ಮೆಲ್ಲಗೆ ಕುಸಿದು ನೆಲಕ್ಕೆ ಬಂದರು. ಅಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡು, ಅಂಗಡಿ ಕೆಲಸಕ್ಕೆ ಹೋದ ತಮ್ಮ ಬರುವ ತನಕ ಗೋಡೆಗೊರಗಿ ಕೂತೇ ಇದ್ದಳು. ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು. "ಆಟೋದವರಾದ್ರೂ ಬದುಕ್ಕೊಳ್ಳಲಿ ಬಿಡು ಇವತ್ತು" ಎಂದು ಅಮ್ಮ ನಕ್ಕಳು. ಮಗಳಿಗೆ ಅಮ್ಮನ ಎದೆ ಡವಡವ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಪಾಪ, ಆಯಾಸಕ್ಕೆ ಎಂದುಕೊಂಡಳು.

ಅಂದಿನಿಂದ ಕಾಲಿನ ಕಡೆ ತಮ್ಮ ಹಿಡಿಯತೊಡಗಿದ. ತಲೆಯ ಕಡೆ ಮಾತ್ರ ಅಮ್ಮನೇ. ವಿಷಯ ತಿಳಿದು ಚಿಕ್ಕಮ್ಮ ಬಂದಳು. ಅವಳ ಬಾಯಿ ಒಮ್ಮೆ ತೆರೆದರೆ ಮುಚ್ಚುವುದು ಕಷ್ಟ. ಊರಾಚೆ ಇಂಥವರಿಗೆಂದೇ ಒಂದು ಹೋಂ ಇದೆಯಂತೆ, ತುಂಬ ಒಳ್ಳೆಯ ಜನವಂತೆ, ಅಂತೆಕಂತೆಗಳನ್ನೆಲ್ಲ ಮುಗಿಸಿ, "ನೀನಿರೋವರೆಗೂ ಸರಿ ಅಕ್ಕಾ. ಆಮೇಲೆ?" ಎಂದಳು. ಅಮ್ಮ ಮಾತು ಬದಲಿಸಿದಳು. ಗೋಡೆಯ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಕಂಟ್ರೋಲಕ್ಕನಿಗೆ ಅದೆಲ್ಲ ಕೇಳಿಸಿ ಹೆದರಿಕೆ ಹುಟ್ಟಿತು. ಹೋಂ ಕೆಟ್ಟದ್ದೆಂದಲ್ಲ. ಅಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರದ್ದೋ ಕೈ ಬರುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ಗಂಟಲು ಮುಚ್ಚಿಕೊಂಡಿದ್ದರಿಂದ ಕೂಗಲಿಕ್ಕೂ ಆಗುವುದಿಲ್ಲ. ಅಷ್ಟೇ ಅವಳ ಕಣ್ಣ ಮುಂದೆ ಬಂದದ್ದು, ಮತ್ತೆ ಮತ್ತೆ.

ಆ ಭಯದಲ್ಲೇ ಅವಳಿಗೆ ಥೀಮ್ ಪಾರ್ಕ್ ಹೊಳೆದದ್ದು. ಭಯಕ್ಕೂ ಪಾರ್ಕಿಗೂ ಎಲ್ಲಿಯ ಸಂಬಂಧ ಎನ್ನಬೇಡಿ. ರಜೆ ಬಂತೆಂದರೆ ಅವಳು ಊರಿನ ಮಕ್ಕಳನ್ನೆಲ್ಲ ಕಾರಿಗೆ ತುಂಬಿಸಿ ಅಲ್ಲಿಗೇ ಕಳಿಸುತ್ತಿದ್ದಳು. ಗೇಟಿನ ತನಕದ ಪ್ರತಿ ತಿರುವೂ ಬಾಯಿಪಾಠ, ಗೇಟಿನ ಒಳಗೆ ಏನಿದೆಯೋ ಕಂಡವಳಲ್ಲ. ಕತ್ತಲ ಗುಹೆಯೊಳಗೆ ದೋಣಿ ಹೋಗುತ್ತದಂತೆ, ಬಣ್ಣದ ದೀಪವಂತೆ, ಬಾಯಿ ತೆರೆಯುವ ರಾಕ್ಷಸನಂತೆ. ಆಸೆ ಹಳೆಯದು. ಈಗ ಆಸೆಯ ಜೊತೆಗೊಂದು ಲೆಕ್ಕಾಚಾರವೂ ಸೇರಿಕೊಂಡಿತು. ಅಮ್ಮನ ಬದಲು ತಮ್ಮ ಎತ್ತಿ ದೋಣಿಯಲ್ಲಿ ಕೂರಿಸಲಿ. ಹೊರಗಿನ ಲೋಕದಲ್ಲಿ ಒಂದೇ ಒಂದು ದಿನ ಅಮ್ಮನ ಕೈಯಿಲ್ಲದೆ ಕಳೆದೆನೆಂದರೆ ಅಮ್ಮನ ನಂತರವೂ ಈ ಮನೆಯಲ್ಲೇ ಬದುಕಬಹುದು. ಆಗದಿದ್ದರೆ ಹೋಂ. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. "ಪಾರ್ಕಿಗೆ ಹೋಗೋಣ" ಎಂದಳು, ಅಷ್ಟೆ. ಅಮ್ಮ ಮಗುವಿನಂತೆ ಖುಷಿಪಟ್ಟಳು.

ಪಾರ್ಕಿಗೆ ಫೋನ್ ಮಾಡಿದಳು. ಬಚ್ಚಲ ಬಾಗಿಲ ಅಗಲ, ಇಳಿಜಾರು, ನೆರಳು ಎಲ್ಲವನ್ನೂ ಕೇಳಿದಳು. ಆ ಕಡೆಯ ಹುಡುಗಿ ಪಾಪ ತಾಳ್ಮೆಯಿಂದ ಉತ್ತರ ಕೊಟ್ಟಳು.

"ದೋಣಿಗೆ?"

"ವೀಲ್‌ಚೇರ್ ದಡದಲ್ಲೇ ಬಿಡಬೇಕು ಮೇಡಂ. ನಮ್ಮ ಸ್ಟಾಫ್ ಮುಟ್ಟೋ ಹಾಗಿಲ್ಲ. ನಿಮ್ಮವರೇ ಎತ್ತಿ ಕೂರಿಸ್ಬೇಕು."

"ಮಧ್ಯೆ ನಿಂತರೆ?"

"ಪಕ್ಕದಲ್ಲಿ ಕಟ್ಟೆ ಇದೆ, ನಡ್ಕೊಂಡು ಬರಬಹುದು."

"ನಡೆಯೋಕೆ ಆಗದವರು?"

"ಇದುವರೆಗೆ ಯಾವತ್ತೂ ನಿಂತಿಲ್ಲ ಮೇಡಂ."

ಇದುವರೆಗೆ ಯಾವತ್ತೂ ಕೆಟ್ಟಿಲ್ಲ ಅಕ್ಕಾ ಎನ್ನುವ ಮಾತನ್ನು ಕಂಟ್ರೋಲಕ್ಕ ಕೇಳಿದ್ದೆಲ್ಲ ನಡುರಸ್ತೆಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಡ್ರೈವರುಗಳ ಬಾಯಿಂದಲೇ.

ಭಾನುವಾರ ಅಭ್ಯಾಸಕ್ಕೆ ನಿಂತರು. ಸೋಫಾವೇ ದೋಣಿ. ತಮ್ಮನೋ ಗಾಜಿನಂಗಡಿಯವನು. ಕಿಟಕಿಗೆ, ಶೋಕೇಸಿಗೆ ಆಳುದ್ದದ ಗಾಜು ಕತ್ತರಿಸಿ ಹೊತ್ತೊಯ್ದು ಕೂರಿಸುವುದು ಅವನ ಕೆಲಸ. ಆ ಅಂಗಡಿಯಲ್ಲಿ ಗಾಜು ಎತ್ತುವಾಗ ಯಾರೂ ಪಿಟ್ಟೆನ್ನುವಂತಿಲ್ಲ, ನಗುವುದಂತೂ ದೂರದ ಮಾತು. ಒಬ್ಬ ನಕ್ಕರೆ ಇನ್ನೊಬ್ಬನ ಕೈ ಅಲುಗುತ್ತದೆ, ಅಲುಗಿದರೆ ರಕ್ತವೇ. ಉಸಿರು ಬಿಗಿಹಿಡಿದು, ಕಣ್ಣಲ್ಲೇ ಮಾತಾಡಿ, ಒಂದೇ ಮಟ್ಟಕ್ಕೆ ಎತ್ತಬೇಕು. ಅಕ್ಕನನ್ನೂ ಅವನು ಹಾಗೇ ಎತ್ತಿದ. ಇದಕ್ಕಿಂತ ಹೆಚ್ಚಿನ ಜೋಪಾನ ಅವನಿಗೆ ಗೊತ್ತಿರಲಿಲ್ಲ. ಅವನ ಬಿಗಿದ ಮುಖ ನೋಡಿ ಅವಳೂ ಉಸಿರು ಬಿಗಿಹಿಡಿದಳು, ಗದ್ದ ಮೇಲಕ್ಕೆದ್ದಿತು, ತಲೆ ಅವನ ತೋಳಿನಿಂದ ಜಾರಿ ಹಿಂದಕ್ಕೆ ಬಿತ್ತು.

ಉಸಿರಿಲ್ಲ. ಚಾವಣಿಯ ಫ್ಯಾನು ಕಾಣುತ್ತಿದೆ, ಅಮ್ಮ ಓಡಿ ಬರುವುದು ಕೇಳುತ್ತಿದೆ, ಉಸಿರು ಮಾತ್ರ ಇಲ್ಲ. ಅಮ್ಮ ತಲೆ ಎತ್ತಿ ಹಿಡಿದ ಮೇಲೆ ಜೀವ ಬಂತು.

ಮತ್ತೆ ಎತ್ತಿದ, ಮತ್ತೆ ಅದೇ ಕಥೆ. "ನೀನು ಹೇಗೆ ಎತ್ತೋದಮ್ಮಾ? ಹೇಳ್ಕೊಡು" ಎಂದ ತಮ್ಮ.

"ಹೇಗೆ ಅಂದ್ರೆ? ಎತ್ತೋದು ಅಷ್ಟೆ ಕಣೋ." ಕೈ ಎಲ್ಲಿಡಬೇಕು, ಮಂಡಿ ಎಲ್ಲೂರಬೇಕು, ತೋರಿಸಿದಳು. ಅವನು ಕೂದಲೆಳೆಯಷ್ಟೂ ತಪ್ಪದಂತೆ ಹಾಗೇ ಮಾಡಿದ. ತಲೆ ಮತ್ತೆ ಹಿಂದಕ್ಕೆ ಬಿತ್ತು. ಅಕ್ಕನ ತುಟಿ ನೀಲಿಯಾದದ್ದನ್ನು ಕಂಡು ಅವನು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದ.

"ಅವನ ಕೈಲಿ ಆಗಲ್ಲ ಬಿಡು. ನಾನಿದೀನಲ್ಲ" ಎಂದಳು ಅಮ್ಮ. ಕಂಟ್ರೋಲಕ್ಕನಿಗೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ಪರೀಕ್ಷೆ ಮನೆಯೊಳಗೇ ಮುಗಿದುಹೋಗಿತ್ತು, ಫಲಿತಾಂಶವೂ ಬಂದಿತ್ತು. ಆದರೆ ಅಮ್ಮ ಅಷ್ಟರಲ್ಲಾಗಲೇ ಕ್ಯಾಪ್ ತಂದಿಟ್ಟಿದ್ದಳು, ಬಿಸಿಲಿಗೆ. ಬೇಡ ಎನ್ನಲು ಬಾಯಿ ಬರಲಿಲ್ಲ.

ಹೋದರು. ಕಾರಿನ ಡ್ರೈವರು ಹಳಬ, ಉದ್ದಣ್ಣ ಎಂದೇ ಅವನಿಗೆ ಹೆಸರು. ದಾರಿಯುದ್ದಕ್ಕೂ ಹಳ್ಳ ತಪ್ಪಿಸಿ ಓಡಿಸಿದ. ಪಾರ್ಕು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದು, ಗದ್ದಲದ್ದು. ತಲೆಯ ಮೇಲೆ ಜನ ಕಿರುಚಿಕೊಂಡು ಹಾರುತ್ತಿದ್ದರು. ಕಾಸು ಕೊಟ್ಟು ಹೆದರುತ್ತಾರಲ್ಲ ಇವರು, ನನ್ನ ಹತ್ತಿರ ಬಂದಿದ್ದರೆ ಪುಕ್ಕಟೆ ಕೊಡುತ್ತಿದ್ದೆ ಎಂದುಕೊಂಡಳು.

ದೋಣಿಯ ದಡದಲ್ಲಿ ಅಮ್ಮ ಕಂಕುಳಿಗೆ ಕೈ ಹಾಕಿದಳು. "ಹಡಗು ಮುಳುಗಿದ್ರೆ ಮೊದಲು ನಿನ್ನ ತಮ್ಮನ್ನ ಎಸೀರಿ ಅಂತ ಹೇಳಿದೀನಿ ಕಣೇ." ಕಿಸಕ್ಕನೆ ನಗು ಬಂತು, ಅಷ್ಟರಲ್ಲಿ ದೋಣಿಯಲ್ಲಿದ್ದಳು. ತಮ್ಮ ಪಕ್ಕ ಕೂತು ಅವಳ ತಲೆಯನ್ನು ಹೆಗಲಿಗೆ ಆನಿಸಿ ಹಿಡಿದುಕೊಂಡ. ಅಮ್ಮ ಹತ್ತಲಿಲ್ಲ. ಕಾಲು ನೆನೆಯುವಷ್ಟು ನೀರಿದ್ದರೂ ಅವಳಿಗೆ ಆಗದು. ಖಾಲಿ ಕುರ್ಚಿಯ ಹಿಡಿ ಹಿಡಿದುಕೊಂಡು ದಡದಲ್ಲೇ ನಿಂತಳು.

ಒಳಗೆ ನಿಜಕ್ಕೂ ಬಣ್ಣದ ದೀಪಗಳಿದ್ದವು. ಕಲ್ಲಿನ ಮೇಲಿಂದ ನೀಲಿ ಬೆಳಕು ಇಳಿದು ಅವಳ ಕೈಯ ಮೇಲೆ ಹರಿಯಿತು. ಜೀವಮಾನದಲ್ಲಿ ಮೊದಲ ಸಲ ಅವಳು ಹೆದರುವುದನ್ನು ಮರೆತಳು. ದೋಣಿ ತಿರುವು ದಾಟಿತು, ರಾಕ್ಷಸ ಕಂಡ, ಬಾಯಿ ತೆರೆದ. ಅಲ್ಲಿಗೆ ದೀಪವೆಲ್ಲ ಆರಿತು. ದೋಣಿ ಒಮ್ಮೆ ಜಗ್ಗಿ ನಿಂತುಬಿಟ್ಟಿತು.

ಗೋಡೆಯಲ್ಲಿ ಒಂದು ಸಣ್ಣ ದೀಪ ಮಂಕಾಗಿ ಹತ್ತಿಕೊಂಡಿತು. ಟಾರ್ಚು ಹಿಡಿದ ಸ್ಟಾಫಿನವನೊಬ್ಬ ಕಟ್ಟೆಯ ಮೇಲೆ ಬಂದು, ಎಲ್ಲರೂ ಇಳಿದು ನಡೆದು ಬರಬೇಕು, ಕರೆಂಟು ಬರುವುದು ತಡವಾಗುತ್ತದೆ ಎಂದ. ಮುಂದಿನ ಸಾಲಿನವರು, ಹಿಂದಿನ ಸಾಲಿನವರು ಇಳಿದರು. ಪ್ರತಿ ಹೆಜ್ಜೆಗೂ ದೋಣಿ ತೂಗಾಡಿತು. "ಸಾರ್, ಬೇಗ" ಎಂದ ಅವನು. ಅಕ್ಕನ ಸ್ಥಿತಿ ನೋಡಿದ ಮೇಲೆ ಟಾರ್ಚು ಹಿಡಿದು ಕಾಯುತ್ತ ನಿಂತ.

ಅಮ್ಮ ನೀರಿನ ಆ ಬದಿ. ಇಲ್ಲಿ ತಮ್ಮ, ಅಲುಗುವ ದೋಣಿ, ಕತ್ತಲು. ಅವನು ಉಸಿರು ಬಿಗಿಹಿಡಿಯುವುದು ಕಂಟ್ರೋಲಕ್ಕನ ಕಿವಿಗೆ ತಾಗಿತು. ಎತ್ತುತ್ತಾನೆ, ತಲೆ ಬೀಳುತ್ತದೆ, ಇಲ್ಲಿ ಓಡಿ ಬರಲು ಅಮ್ಮನಿಲ್ಲ. ಸಾಯುತ್ತೇನೆ ಎಂದು ಅವಳಿಗೆ ಖಚಿತವಾಗಿತ್ತು.

ತಮ್ಮನೂ ಹೆದರಿ ಕಣ್ಣು ಬೇರೆಡೆ ಹೊರಳಿಸಿದ. ಎದುರಿಗೆ ರಾಕ್ಷಸ, ತೆರೆದ ಬಾಯಿ ತೆರೆದಂತೆಯೇ ನಿಂತಿದ್ದ. "ಚಿಕ್ಕಮ್ಮ ಇಲ್ಲಿಗೂ ಬಂದಿದಾಳೆ" ಎಂದು ಗೊಣಗಿದ, ತನಗೇ ಎಂಬಂತೆ. "ತೆಗೆದ ಬಾಯಿ ಮುಚ್ಚಿಲ್ಲ."

ಅವಳಿಗೆ ತಡೆಯಲಾಗಲಿಲ್ಲ. ಮೂಗಿನಿಂದ ಫುಸ್ಸೆಂದು ನಗು ಹೊರಬಿತ್ತು. ಎದೆಯ ಗಾಳಿ ಹೋಯಿತು, ಹೆಗಲು ಸಡಿಲವಾಯಿತು, ಗದ್ದ ತಾನಾಗಿ ಎದೆಗೆ ಬಂದು ಕೂತಿತು. ಹೀಗೆ ಕೂರುವುದು ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿದಿನ ಬೆಳಿಗ್ಗೆ, ಅಮ್ಮನ ಕೈ ಬಿಗಿಯಾಗುವ ಹೊತ್ತಿಗೆ, ಗದ್ದ ಹೀಗೇ ಬಂದು ಕೂರುತ್ತಿತ್ತು.

"ಲೋ. ಮಾತಾಡು. ಅಮ್ಮನ ಹಾಗೆ."

"ಏನು?"

"ಏನಾದ್ರೂ. ಬೈ ನನ್ನ. ನಕ್ಕ ತಕ್ಷಣ ಎತ್ತು."

ಅವನೋ ಗಾಜು ಹೊತ್ತು ಹೊತ್ತು ಮೂಕನಾದವನು. ಕಂಕುಳಿಗೆ ಕೈ ಹಾಕಿದ, ಗಂಟಲು ಸರಿಮಾಡಿಕೊಂಡ. "ಈ... ಈ ದೋಣಿ ನಿನ್ನ ಭಾರಕ್ಕೇ ನಿಂತಿರೋದು ಅಕ್ಕಾ. ಇಳಿದವರೆಲ್ಲ ನಿನ್ನನ್ನೇ ಬೈಕೊಂಡು ಹೋದ್ರು."

ನಗು ಬರುವಂಥ ಮಾತೇನಲ್ಲ. ಆದರೆ ಅದನ್ನು ಹೇಳುವಾಗ ಅವನ ಹಲ್ಲು ಕಟಕಟ ಎನ್ನುತ್ತಿತ್ತು, ಅದು ಕೇಳಿ ಅವಳಿಗೆ ನಗು ಬಂತು. ಗದ್ದ ಎದೆಗಿಳಿಯಿತು. ಅವನು ಎತ್ತಿದ. ದೋಣಿ ವಾಲಿತು, ಅವನ ಕಾಲು ಕಟ್ಟೆಗೆ ಸಿಕ್ಕಿತು, ತಲೆ ಅವನ ಕುತ್ತಿಗೆಗೆ ಆನಿಕೊಂಡು ಹಾಗೇ ಇತ್ತು. ಉಸಿರಾಡುತ್ತಿದ್ದಳು. ಕಟ್ಟೆಯುದ್ದಕ್ಕೂ ಅವನು ಬಾಯಿ ನಿಲ್ಲಿಸಲಿಲ್ಲ. ಅಂಗಡಿಯ ಯಜಮಾನನನ್ನು ಬೈದ, ಪಾರ್ಕಿನವರನ್ನು ಬೈದ, ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದವನ ನಡಿಗೆಯನ್ನೂ ಬಿಡಲಿಲ್ಲ.

ದಡದಲ್ಲಿ ಅಮ್ಮ, ಇವರು ಹೋದಾಗ ನಿಂತಿದ್ದಂತೆಯೇ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಅವರನ್ನು ಕಂಡವಳೇ ಎರಡೂ ಕೈ ಚಾಚಿದಳು. "ಬೇಡಮ್ಮಾ, ನಾನೇ ಕೂರಿಸ್ತೀನಿ" ಎಂದು ತಮ್ಮ ಅಕ್ಕನನ್ನು ಕುರ್ಚಿಗಿಳಿಸಿ ಹಣೆಪಟ್ಟಿ ಕಟ್ಟಿದ.

"ಹೇಗೆ ಎತ್ತಿದ್ಯೋ?"

"ನಿನ್ನ ಹಾಗೇ. ತಮಾಷೆ ಮಾಡ್ಕೊಂಡು."

"ನಾನ್ಯಾವಾಗ ತಮಾಷೆ ಮಾಡಿದೆ?" ಅಮ್ಮನಿಗೆ ಅರ್ಥವೇ ಆಗಲಿಲ್ಲ. ಮಗಳು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಕುರ್ಚಿಯ ಹಿಡಿಯನ್ನೇ ಸವರುತ್ತ ನಿಂತಳು. "ಅದು ತಮಾಷೆ ಅಲ್ಲ ಕಣೇ. ಹೆದರಿಕೆ. ನಿನ್ನನ್ನ ಎತ್ತುವಾಗೆಲ್ಲ, ಎಲ್ಲಿ ಬೀಳಿಸಿಬಿಡ್ತೀನೋ ಅಂತ ಜೀವ ಬಾಯಿಗೆ ಬರ್ತಿತ್ತು. ಸುಮ್ಮನಿದ್ರೆ ಅತ್ತುಬಿಡ್ತೀನಿ ಅಂತ ಬಾಯಿಗೆ ಬಂದದ್ದು ಒದರ್ತಿದ್ದೆ."

"ದಿನಾನೂ?"

"ದಿನಾನೂ."

ಕಂಟ್ರೋಲಕ್ಕ ಈ ಮನೆಯಲ್ಲಿ ಹೆದರುವವಳು ತಾನೊಬ್ಬಳೇ ಎಂದು ತಿಳಿದು ಇಷ್ಟು ವರ್ಷ ಕಳೆದಿದ್ದಳು. ಅವತ್ತು ನೆಲದ ಮೇಲೆ ಕೂತಾಗ ಕೇಳಿದ ಎದೆಬಡಿತ ಈಗ ನೆನಪಾಯಿತು.

ಉದ್ದಣ್ಣ ಕಾರಿನ ಬಾಗಿಲು ತೆರೆದ. ತಮ್ಮ ಬಗ್ಗಿ ಅಕ್ಕನ ಕಂಕುಳಿಗೆ ಕೈ ಹಾಕಿ, ಏನಾದರೂ ಹೇಳೆಂದು ಅಮ್ಮನ ಮುಖ ನೋಡಿದ. ಗುಟ್ಟು ಬಿಟ್ಟುಕೊಟ್ಟ ಅಮ್ಮನಿಗೆ ನಾಚಿಕೆಯಾಗಿತ್ತೋ ಏನೋ, ತುಟಿ ಬಿಗಿದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಮ್ಮಾ" ಎಂದಳು ಮಗಳು. "ನೀನು ಹೆದರೋದು ನಿಲ್ಲಿಸಿದ್ರೆ ನನ್ನನ್ನ ಎತ್ತೋದು ಹೇಗೆ?"

ಅಳುತ್ತಿದ್ದ ಅಮ್ಮನಿಗೆ ಫಕ್ಕನೆ ನಗು ಬಂತು. ಅದನ್ನು ನೋಡಿ ಮಗಳೂ ನಕ್ಕಳು, ಗದ್ದ ಎದೆಗೆ ಬಂತು, ತಮ್ಮ ಎತ್ತಿದ.