ಬೆಣ್ಣಿಗಾಗಿ ಹರಿದ ಮಡಿಸೀರೆ

ನಾನು ನಿಂತದ್ದು ಪಡಸಾಲೆಯಿಂದ ನಡುಮನೆಗೆ ಹೋಗುವ ಹೊಸ್ತಿಲ ಪಕ್ಕದಲ್ಲಿ, ಎಡಗೈ ಬಾಗಿಲ ಚೌಕಟ್ಟಿನ ಮೇಲೆ. ಬೆಳಗಿನ ಒಂಬತ್ತೂವರೆ ಇದ್ದಿರಬೇಕು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಬಿಲ್ಲೆ ಇನ್ನೂ ಗೋಡೆಯ ಮೇಲಿತ್ತು. ಅದು ನೆಲಕ್ಕೆ ಇಳಿಯುವ ಹೊತ್ತಿಗೆ ನಾನು ಶಾಲೆಯಲ್ಲಿರಬೇಕಾಗಿತ್ತು. ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು. ನನಗೆ ಹತ್ತು ವರ್ಷ, ಊರು ಇಂಡಿ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದು ನಾನು ಯಾರಿಂದಲೋ ಕೇಳಿದ್ದಲ್ಲ.

ಇದೆಲ್ಲ ಮತ್ತೆ ಎದ್ದು ಬಂದದ್ದು ಒಂದು ಸಪ್ಪಳದಿಂದ. ಕಳೆದ ತಿಂಗಳು ಇಂಡಿಯ ಬಜಾರದಲ್ಲಿ ಬಟ್ಟೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಅಂಗಡಿಯವನು ಗಜದಿಂದ ಅಳೆದು, ಕತ್ತರಿಯಿಂದ ಅಂಚಿಗೆ ಸಣ್ಣ ಗಾಯ ಮಾಡಿ, ಎರಡೂ ಕೈಯಿಂದ ಬಿಳಿ ನೂಲಿನ ಬಟ್ಟೆಯನ್ನು ಚರ್ರನೆ ಹರಿದ. ನಾನು ಬಿಸಿಲಲ್ಲಿ ನಿಂತುಬಿಟ್ಟೆ. ನನ್ನ ಜೀವನದಲ್ಲಿ ಆ ಸಪ್ಪಳ ಎಷ್ಟೋ ಸಲ ಕೇಳಿದ್ದೇನೆ. ಆದರೆ ಕೇಳಿದಾಗಲೆಲ್ಲ ಮೂಗಿಗೆ ಬರುವುದು ಹೊಸ ಬಟ್ಟೆಯ ಗಂಜಿಯ ವಾಸನೆಯಲ್ಲ. ಲಿಂಬೆ ಎಲೆ, ಕುದಿಯುವ ನೀರಿನ ಹಬೆ, ಮತ್ತು ಅವೆರಡರ ಕೆಳಗೆ ಸಿಹಿಯಾಗಿ ಕೊಳೆತ ಕೀವಿನ ವಾಸನೆ.

ಮೊಲದ ಹೆಸರು ಬೆಣ್ಣಿ. ಅಪ್ಪ ಮುದ್ದೇಬಿಹಾಳದಲ್ಲಿ ಮಾಸ್ತರರಾಗಿದ್ದರು, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದರು. ಒಂದು ಶನಿವಾರ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಯಾರೋ ಮಾರುತ್ತಿದ್ದ ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ತಂದರು. ಚೀಲದ ಬಾಯಿಂದ ಮೊದಲು ಹೊರಬಂದದ್ದು ಎರಡು ಕಿವಿ. ಅವ್ವ ನಕ್ಕಳು. ನಗದೆ ಇದ್ದವಳು ಒಬ್ಬಳೇ, ಅಪ್ಪನ ಅಕ್ಕ ಗೋದತ್ಯಾ. ಮದುವೆಯಾಗಿ ಹಳೆಯ ಕೊಲ್ಹಾರಕ್ಕೆ ಹೋಗಿ, ಗಂಡನನ್ನು ಕಳೆದುಕೊಂಡು, ಆಮೇಲೆ ಆ ಮನೆಯೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತಮ್ಮನ ಮನೆಗೆ ಬಂದವಳು. "ಇದು ದೇವರ ಮನಿ ಕಡೆ ಬಂದ್ರ ನಿಮ್ಮಿಬ್ಬರನ್ನೂ ಹಿತ್ತಲದಾಗ ಕಟ್ಟತೀನಿ ನೋಡು," ಎಂದು ಅಪ್ಪನಿಗೆ ಹೇಳಿದಳು. ಇಬ್ಬರು ಎಂದರೆ ಅಪ್ಪ ಮತ್ತು ಮೊಲ.

ಗೋದತ್ಯಾನ ಮಡಿ ನಮ್ಮ ಓಣಿಗೆಲ್ಲ ಗೊತ್ತಿತ್ತು. ಅವಳಿಗೆ ಎರಡು ಮಡಿಸೀರೆ, ನೀಲಿ ಅಂಚಿನ ಬಿಳಿ ನೂಲಿನವು. ಒಂದು ಮೈಮೇಲೆ, ಇನ್ನೊಂದು ಜಂತೆಗೆ ತೂಗುಹಾಕಿದ ಬಿದಿರಿನ ಗಳದ ಮೇಲೆ. ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಗಳಕ್ಕೆ ಹರವುತ್ತಿದ್ದಳು, ಮರುದಿನ ಅದೇ ಕೋಲಿನಿಂದ ಇಳಿಸುತ್ತಿದ್ದಳು. ಆ ಸೀರೆಯನ್ನು, ಆ ಕೋಲನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಡುಗೆ, ಪೂಜೆ, ನೈವೇದ್ಯ ಮುಗಿಯುವವರೆಗೆ ನಾನು ಹತ್ತಿರ ಹೋದರೆ ಸೆರಗನ್ನು ಒಳಗೆ ಸೆಳೆದುಕೊಂಡು, "ದೂರ ಸರಿ, ಮೈಲಿಗಿ," ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ, ಬಿಸಿ ಪಾತ್ರೆ ಇದೆ ಎಂದು ಎಚ್ಚರಿಸುವ ಹಾಗೆ. ಆದರೆ ಮಧ್ಯಾಹ್ನ ಊಟವಾಗಿ ಸೀರೆ ಬದಲಿಸಿದ ಮೇಲೆ ಅವಳೇ ಹಿತ್ತಲಿನಿಂದ ಕುದುರೆ ಮೆಂತೆ ಕಿತ್ತು ತಂದು ಬೆಣ್ಣಿಯ ಮುಂದೆ ಹಿಡಿಯುತ್ತಿದ್ದಳು. ತಿಂಗಳೊಳಗೆ ಮೊಲಕ್ಕೆ ಅವಳ ಕಾಲ ಸಪ್ಪಳ ಗುರುತಾಗಿತ್ತು.

ಎರಡನೆಯ ವರ್ಷದ ಚಳಿಯಲ್ಲಿ ಬೆಣ್ಣಿಯ ಹೊಟ್ಟೆಯ ಕೆಳಗೆ ಒಂದು ಗಡ್ಡೆ ಕೈಗೆ ಹತ್ತಿತು, ಹುಣಸೆ ಬೀಜದಷ್ಟು, ಆಮೇಲೆ ಲಿಂಬೆಹಣ್ಣಿನಷ್ಟು. ದನದ ದವಾಖಾನೆಯ ಡಾಕ್ಟರರು ಅದನ್ನು ಕೊಯ್ದು ತೆಗೆದು ಆರು ಹೊಲಿಗೆ ಹಾಕಿದರು. ಮೊಲವನ್ನು ಬುಟ್ಟಿಯಲ್ಲಿ ಮನೆಗೆ ತಂದುಕೊಟ್ಟವನು ಅಲ್ಲಿಯ ಕಂಪೌಂಡರ್ ಮಲ್ಲಪ್ಪ. ಅಗರಖೇಡದವನು, ಕುರಿ ಕಾಯುವ ಮನೆತನ, ಸೈಕಲ್ಲಿಗೆ ಎರಡು ಗಂಟೆ ಕಟ್ಟಿಕೊಂಡವನು. ನಮ್ಮ ಮನೆಗೆ ಬಂದರೆ ಯಾವಾಗಲೂ ಹೊರಗಿನ ಕಟ್ಟೆಯ ಮೇಲೇ ಕೂಡುತ್ತಿದ್ದ. "ಎಮ್ಮಿ ಆಗಿದ್ರ ನನ್ನ ಹಲ್ಲು ಉದುರಿಸತಿತ್ತು. ಇದು ನೋಡ್ರಿ, ಬರೇ ಮೂಗು ಅಳ್ಳಾಡಿಸತೈತಿ," ಎಂದು ನಕ್ಕು, ಹೋಗುವಾಗ ಒಂದೇ ಮಾತು ಹೇಳಿದ: "ಜಾಗಾ ಮಾತ್ರ ಸ್ವಚ್ಛ ಇಡ್ರಿ ಬಾಯಾರ."

ನಮ್ಮ ಮನೆಯಲ್ಲಿ ಸ್ವಚ್ಛ ಎಂದರೆ ಸಾರಿಸುವುದು. ಅದು ಗೋದತ್ಯಾ ಕಲಿತ ಸ್ವಚ್ಛ, ಅವಳ ಅಜ್ಜಿ ಕಲಿತ ಸ್ವಚ್ಛ. ಬಾಣಂತಿ ಕೋಣೆ, ಹಬ್ಬದ ಅಡುಗೆಮನೆ, ಶ್ರಾದ್ಧದ ಎಲೆ ಹಾಕುವ ಜಾಗ, ಎಲ್ಲವೂ ಹಸಿ ಸಗಣಿಯಿಂದ ಸಾರಿಸಿದ ಮೇಲೆಯೇ ಶುದ್ಧ. ಅವ್ವ ನೀರು ತರಲು ಹೋಗಿದ್ದಳು. "ಹಿಂದಿನ ಗ್ವಾದಲಿಗೆ ಹೋಗಿ ಹಸಿ ಸಗಣಿ ತೊಗೊಂಡು ಬಾ," ಎಂದು ಗೋದತ್ಯಾ ನನಗೆ ಹೇಳಿದಳು. ನಾನು ಓಡಿ ಹೋಗಿ ಹಿಂದಿನ ಮನೆಯವರ ದನದ ಕೊಟ್ಟಿಗೆಯಿಂದ ಬುಟ್ಟಿ ತುಂಬ ತಂದೆ. ಅವಳು ಪಡಸಾಲೆಯ ಮೂಲೆಯನ್ನು ನಾಲ್ಕು ಬೆರಳಿನ ಗೆರೆಗಳು ಮೂಡುವ ಹಾಗೆ, ದೇವರ ಮುಂದೆ ಸಾರಿಸುವಷ್ಟು ಶ್ರದ್ಧೆಯಿಂದ ಸಾರಿಸಿದಳು. ಅಂಚಿಗೆ ರಂಗೋಲಿಯ ಒಂದು ಎಳೆ ಕೂಡ ಎಳೆದಳು. ಅದು ಪೂರ್ತಿ ಒಣಗುವ ಮೊದಲೇ ನಾವು ಬೆಣ್ಣಿಯನ್ನು ಅಲ್ಲಿ ಬಿಟ್ಟೆವು. ಅದು ಹೊಟ್ಟೆ ಊರಿ ಮಲಗಿತು. ಮರುದಿನವೂ ಸಾರಿಸಿದಳು, ಅದರ ಮರುದಿನವೂ. ಮೂರೂ ದಿನ, ಅವ್ವ ನೀರಿಗೆ ಹೋದ ಹೊತ್ತಿನಲ್ಲಿ, ಸಗಣಿ ತಂದವನು ನಾನೇ.

ನಾಲ್ಕನೆಯ ದಿನ ಬೆಣ್ಣಿ ಮೆಂತೆ ಮುಟ್ಟಲಿಲ್ಲ. ಕಿವಿ ಬಿಸಿಯಾಗಿದ್ದವು. ಅವ್ವ ಪಕ್ಕದವರ ಕೈಯಲ್ಲಿ ಹೇಳಿಕಳಿಸಿದಳು, ಮಲ್ಲಪ್ಪ ಬಂದ, ಈ ಸಲ ಕಟ್ಟೆಯ ಮೇಲೆ ಕೂಡದೆ ಪಡಸಾಲೆಗೇ ಬಂದು ಕುಕ್ಕುರುಗಾಲಲ್ಲಿ ಕೂತ. ಮೊಲವನ್ನು ಅಂಗಾತ ಮಾಡಿ ಮೂಗು ಹತ್ತಿರ ಒಯ್ದ. ನಾನು ಮೊದಲು ಹೇಳಿದ ಜಾಗದಲ್ಲಿ ನಿಂತಿದ್ದೆ. ಹೊಲಿಗೆಯ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಒತ್ತಿದಾಗ ಎರಡು ಹೊಲಿಗೆಗಳ ನಡುವೆ ಹಳದಿ ಹನಿಯೊಂದು ಮೂಡಿತು.

"ಹೊಲಿಗಿ ಚಲೋ ಅದಾವ್ರಿ. ಇದಕ್ಕ ಸಗಣಿ ಹತ್ತೇತಿ. ಹಸಿ ನೆಲದ ಮ್ಯಾಲ ಮಲಗಿಸಿದವ್ರು ಯಾರ್ರಿ?"

ಬುಟ್ಟಿ ಬಾಗಿಲ ಹಿಂದೆಯೇ ಇತ್ತು. ನಾನು ಅದರ ಕಡೆ ನೋಡಬಾರದೆಂದು ಗೋಡೆಯ ಮೇಲಿನ ಬಿಸಿಲಿನ ಬಿಲ್ಲೆಯನ್ನು ನೋಡಿದೆ. ಗೋದತ್ಯಾ ಅಡುಗೆಮನೆಯ ಬಾಗಿಲಲ್ಲಿ ಮಡಿಯಲ್ಲಿ ನಿಂತಿದ್ದಳು.

"ನಾನ ಸಾರಿಸಿದೆ," ಎಂದಳು. "ಮೂರು ದಿನ. ಸ್ವಚ್ಛ ಇರ್ಲಿ ಅಂತ."

ಮಲ್ಲಪ್ಪ ತಲೆ ಎತ್ತಲಿಲ್ಲ. "ನಮಗ ನಿಮಗ ಅದು ಸ್ವಚ್ಛರಿ ಬಾಯಾರ. ಹಸಿ ಗಾಯಕ್ಕ ವಿಷ. ಎರಡು ಹೊಲಿಗಿ ಬಿಚ್ಚಿ ಕೀವು ಹೊರಗ ಹಾಕಬೇಕು, ದಿನಾ ಮೂರು ಹೊತ್ತು ತೊಳದು ಕಟ್ಟಬೇಕು. ಉಳೀತೈತಿ ಅಂತ ಮಾತು ಕೊಡಾಕ ಆಗೂದಿಲ್ಲ. ಮೊದಲ ಅರಿವಿ ತರ್ರಿ. ಯಾರ ಕೈನೂ ಹತ್ತದ್ದು ಬೇಕು."

ಅವ್ವ ಟ್ರಂಕಿನಿಂದ ಅಪ್ಪನ ಹಳೆಯ ಧೋತರ ತಂದಳು. ಅದರಲ್ಲಿ ನುಸಿಗುಳಿಗೆಯ ವಾಸನೆ. ನನ್ನ ಟವೆಲ್ ತಂದಳು. ಮಲ್ಲಪ್ಪ ಅದನ್ನು ಮೂಸಿ, "ಇದರಾಗ ನಿನ್ನೀ ಉಪ್ಪಿಟ್ಟು ಐತಿ," ಎಂದ. ಅವ್ವ ಇನ್ನೇನೋ ಹುಡುಕಲು ತಿರುಗಿದಳು. ಆಗ ಗೋದತ್ಯಾ ಅಡುಗೆಮನೆಯಿಂದ ನಡುಮನೆಗೆ ಬಂದು, ಮೂಲೆಯ ಕೋಲನ್ನು ತೆಗೆದುಕೊಂಡು, ಗಳದ ಮೇಲಿನ ಸೀರೆಯನ್ನು ಇಳಿಸಿದಳು. ಆ ಮನೆಯಲ್ಲಿ ಯಾರ ಕೈಯೂ ಹತ್ತದ ಬಟ್ಟೆ ಅದೊಂದೇ ಎಂಬುದು ನಮಗೆಲ್ಲ ಒಂದೇ ಸಲ ಹೊಳೆಯಿತು.

"ಅಕ್ಕಾ, ಅದು ಮಡಿದು!" ಎಂದಳು ಅವ್ವ.

"ಅದಕ್ಕ ತಗದೀನಿ. ನೀ ನೀರು ಕಾಯಿಸು ಸುಧಾ. ಅದರಾಗ ಲಿಂಬಿ ಎಲಿ ಹಾಕು, ಈ ವಾಸನಿಗೆ ಹುಡುಗ ಬಿದ್ದಗಿದ್ದಾನು."

ಈಳಿಗೆಯ ಅಲಗಿಗೆ ಅಂಚನ್ನು ತಾಗಿಸಿದಳು. ನೀಲಿ ಅಂಚು ಸೀಳಿತು. ಆಮೇಲೆ ಎರಡೂ ಕೈಯಿಂದ, ಉದ್ದಕ್ಕೂ, ಆರು ಸಲ ಹರಿದಳು. ನಾನು ಎಣಿಸಿದ್ದೇನೆ. ಪಟ್ಟಿಗಳು ಕುದಿಯುವ ನೀರಿಗೆ ಹೋದವು. ಆಮೇಲೆ ಅವಳು ಹೊಸ್ತಿಲು ದಾಟಿದಳು. ಪೂಜೆ ಇನ್ನೂ ಆಗಿರಲಿಲ್ಲ, ಮೈಮೇಲೆ ಮಡಿಸೀರೆ ಇತ್ತು, ದಾಟುವಾಗ ಅವಳ ಸೆರಗು ನನ್ನ ಮೊಣಕಾಲಿಗೆ ತಾಗಿತು. ಈ ಸಲ ಅವಳು ಅದನ್ನು ಒಳಗೆ ಸೆಳೆದುಕೊಳ್ಳಲಿಲ್ಲ. ಮಲ್ಲಪ್ಪನ ಎದುರು ನೆಲದ ಮೇಲೆ ಕೂತು, ಮೊಲವನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, "ಹೂಂ, ಬಿಚ್ಚು," ಎಂದಳು.

ಕೀವು ಅವಳ ಬಿಳಿ ಸೀರೆಯ ಮೇಲೆ ಹರಿಯಿತು. ಬೆಣ್ಣಿ ಒಮ್ಮೆ ಕಿರುಚಿತು. ಮೊಲ ಕಿರುಚುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಗೋದತ್ಯಾನ ತುಟಿ ಅಲುಗುತ್ತಿತ್ತು, ಕೈ ಅಲುಗಲಿಲ್ಲ. ಪಟ್ಟಿ ಕಟ್ಟುವಾಗ ಒಂದು ತುದಿ ಅವಳ ಬೆರಳಲ್ಲಿ, ಇನ್ನೊಂದು ತುದಿ ಮಲ್ಲಪ್ಪನ ಬೆರಳಲ್ಲಿತ್ತು. ಗಂಟು ಹಾಕುವಾಗ ಬೆರಳಿಗೆ ಬೆರಳು ತಾಗಿದವು. ಕೆಲಸ ಮುಗಿದ ಮೇಲೆ ಅವಳು, "ಚಹಾ ಕುಡಿದು ಹೋಗಪಾ, ಒಳಗೇ ಕೂಡು," ಎಂದಳು.

ಅಂದಿನಿಂದ ದಿನಕ್ಕೆ ಮೂರು ಸಲ ಅವಳೇ ತೊಳೆದಳು. ಪ್ರತಿ ಸಲ ತೊಳೆದಾದ ಮೇಲೆ ತಣ್ಣೀರ ಸ್ನಾನ. ಉಳಿದದ್ದು ಒಂದೇ ಮಡಿಸೀರೆ. ಅದು ಆ ಚಳಿಯಲ್ಲಿ ಹೇಗೆ ಒಣಗಬೇಕು? ಹಿಂಡಿ ಹಾಗೆಯೇ ಉಟ್ಟುಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದಳು, ಸೀರೆಯಿಂದ ಹಬೆ ಏಳುತ್ತಿತ್ತು. ನಾನು ಒಮ್ಮೆ, "ಕೀವು ಮೈಲಿಗಿ ಅಲ್ಲೇನು ಅತ್ಯಾ?" ಎಂದು ಕೇಳಿದೆ. "ನೀ ಬಾಯಿ ಮುಚ್ಚಿಕೊಂಡು ಅದರ ಕಾಲು ಹಿಡಿ. ಒದ್ದು ಹೊಲಿಗಿ ಹರಕೊಂಡೀತು," ಎಂದಳು. ಶನಿವಾರ ಅಪ್ಪ ಬಂದು, ಹೀಗೇಕಾಯಿತು ಎಂದು ಕೇಳಿದರು. ನಾನು ಹೇಳಬೇಕೆಂದು ಬಾಯಿ ತೆರೆದಿದ್ದೆ. ಅವಳು ನನ್ನ ಕೈಗೆ ಮೆಂತೆಯ ಕಟ್ಟು ಕೊಟ್ಟು, "ಹೋಗು, ಅದಕ್ಕ ಹಾಕಿ ಬಾ," ಎಂದು ಕಳಿಸಿ, ಅಪ್ಪನಿಗೆ ಹೇಳಿದಳು: "ನನ್ನಿಂದ ಆತು."

ಹನ್ನೊಂದನೆಯ ದಿನ ಮಧ್ಯಾಹ್ನ ಪಡಸಾಲೆಯ ಮೂಲೆಯಿಂದ ಕರಕರ ಸಪ್ಪಳ ಕೇಳಿತು. ಬೆಣ್ಣಿ ಮೆಂತೆಯ ದಂಟು ಕಡಿಯುತ್ತಿತ್ತು. ಗೋದತ್ಯಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿ ಒಳಗೆ ಹೋದಳು. ಅಂದು ಅವಳು ಬಡಿದ ಭಕ್ಕರಿಯ ಸಪ್ಪಳ ಎಂದಿಗಿಂತ ಜೋರಾಗಿತ್ತು.

ಬೆಣ್ಣಿ ಇನ್ನೂ ನಾಲ್ಕು ವರ್ಷ ಬದುಕಿತು. ಹೊಟ್ಟೆಯ ಕೆಳಗೆ ಬೆರಳುದ್ದ ಜಾಗದಲ್ಲಿ ಕೂದಲು ಮಾತ್ರ ಬರಲಿಲ್ಲ. ಗೋದತ್ಯಾ ಹೋದದ್ದು ನಾನು ಕಾಲೇಜಿನಲ್ಲಿದ್ದಾಗ. ಅವಳ ಟ್ರಂಕಿನಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಬಿಳಿ ಸುರುಳಿಗಳು ಸಿಕ್ಕವು, ಕುದಿಸಿ, ಒಣಗಿಸಿ, ಬಿಗಿಯಾಗಿ ಸುತ್ತಿದ ಪಟ್ಟಿಗಳು. ಮತ್ತೆ ಯಾರಿಗಾದರೂ ಬೇಕಾದೀತೆಂದು ಇಟ್ಟಿದ್ದಳು. ಆ ಮನೆ ಈಗಿಲ್ಲ. ಬೆಳಕಿಂಡಿಯ ಬಿಸಿಲು ಬೀಳುತ್ತಿದ್ದ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇದೆ; ಹಗಲೂ ಟ್ಯೂಬ್‌ಲೈಟ್ ಉರಿಯುತ್ತದೆ.

ಅಂದು ಅದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇಬ್ಬರು ಇದ್ದಾರೆ. ಅವ್ವ ಸಿಂದಗಿಯಲ್ಲಿ ನನ್ನ ಜೊತೆಗಿದ್ದಾಳೆ. ಸೀರೆ ಹರಿದದ್ದು ಆರು ಸಲವಲ್ಲ, ಏಳು ಸಲ ಎನ್ನುತ್ತಾಳೆ. ಮಲ್ಲಪ್ಪ ಅಗರಖೇಡದಲ್ಲಿದ್ದಾನೆ, ಕಿವಿ ಮಂದವಾಗಿವೆ, ಆದರೆ ಆ ಚಹಾದ ಮಾತು ಅವನಾಗಿಯೇ ತೆಗೆಯುತ್ತಾನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರು ತಿದ್ದಬಹುದು. ಸಗಣಿಯ ಬುಟ್ಟಿ ಹೊತ್ತು ತಂದವನು ನಾನು ಎಂಬುದನ್ನು ಮಾತ್ರ ಅವರಿಬ್ಬರೂ ಕಂಡಿಲ್ಲ. ಅದನ್ನು ಕಂಡವಳು ಒಬ್ಬಳೇ. ಅವಳು ಯಾರಿಗೂ ಹೇಳಲಿಲ್ಲ.