ದ್ರಾಕ್ಷಾಸವದ ಬಾಟಲಿಯಲ್ಲಿ ಇದ್ದದ್ದು

ಇಂದೂ, ನಿಮ್ಮಪ್ಪ ನಿನಗೆ ಕುಡಿಸಿದ್ದು ದ್ರಾಕ್ಷಾಸವವಲ್ಲ, ವೈನ್. ಅದನ್ನು ಆ ಬಾಟಲಿಗೆ ಸುರಿದಿಟ್ಟವನು ನಾನು, ನಿನ್ನ ಕಾಕಾ. ಮನೆಯವರಿಗೆ ಕಾಣದಂತೆ ಇದನ್ನು ಬರೆಯುತ್ತಿದ್ದೇನೆ.

ಏಕೀಕರಣದ ಹಿಂದಿನ ವರ್ಷ. ಮುಂಡರಗಿಯಲ್ಲಿ ಗುಡಿಯ ಪೂಜೆ ಮಾಡುತ್ತಿದ್ದ ಅಣ್ಣ, ನಿಮ್ಮಪ್ಪ, ವಿಷಮಜ್ವರದಿಂದ ಎದ್ದಿದ್ದ. ಆದರೆ ಗಂಟೆ ಎತ್ತುವಷ್ಟೂ ತ್ರಾಣವಿರಲಿಲ್ಲ. ಗದಗಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಕೆಂಪಿರಲಿ, ಬಿಳೇದಿರಲಿ, ವೈನ್ ಊಟಕ್ಕ ಮೊದಲ ಎರಡು ಚಮಚ ಕೊಡ್ರಿ. ಹಸಿವಿ ಹುಟ್ಟತದ. ಹೆಚ್ಚಾದ್ರ ಲಿವರ್ ಕೆಡತದ. ಮನಿಯೊಳಗ ಬಸುರಿ ಇದ್ರ ಆಕಿ ಬಾಯಿಗೆ ಹನಿನೂ ಹೋಗಬಾರದು, ನೆನಪಿಡ್ರಿ."

ನೆನಪಿಟ್ಟೆ. ಅದೇ ನನ್ನ ಪಾಪ — ನನಗೆ ಗೊತ್ತಿತ್ತು.

ಅಣ್ಣ ತಿಳಿದೂ ತಿಳಿದೂ ಅದನ್ನು ಮುಟ್ಟುವವನಲ್ಲ. ಅದರ ಮೇಲೆ ನಮ್ಮ ಕಡೆ ಆಗ ಮುಂಬಯಿ ಸರ್ಕಾರದ ಪಾನನಿರೋಧ. ನಾನೋ ಶಾಲೆಯ ಮಾಸ್ತರ. ಗಡಿ ದಾಟಿದರೆ ಹೈದರಾಬಾದ್ ರಾಜ್ಯ, ಅಲ್ಲಿ ಸಿಗುತ್ತಿತ್ತು. ಕೊಪ್ಪಳದ ಅಂಗಡಿಯವನು ಎರಡು ಬಗೆಯನ್ನೂ ಮುಂದಿಟ್ಟ. "ಬಿಳೇದು ಹಗೂರ ಐತ್ರಿ. ಕೆಂಪಂದು ರಕ್ತ ಮಾಡತೈತಿ ಅಂತಾರ." ನಾನು ಕೆಂಪನ್ನು ತೆಗೆದುಕೊಂಡೆ. ರಕ್ತಕ್ಕಾಗಿ ಅಲ್ಲ, ಆಯುರ್ವೇದ ಪಂಡಿತರು ಕೊಡುವ ದ್ರಾಕ್ಷಾಸವದ ಬಣ್ಣಕ್ಕೆ ಅದು ಹೊಂದುತ್ತಿತ್ತು. ಬೆಲ್ಲ, ಲವಂಗ ಬೆರೆಸಿ ಅದರ ಹಳೆಯ ಬಾಟಲಿಗೆ ತುಂಬಿ, ಪಂಡಿತರ ಔಷಧವೆಂದು ಅಣ್ಣನಿಗೆ ಕೊಟ್ಟೆ.

ಒಂದನ್ನು ಮಾತ್ರ ಮರೆತಿದ್ದೆ. ಅಣ್ಣ ದೇವರಿಗೆ ತೋರಿಸದೆ ಔಷಧವನ್ನೂ ಬಾಯಿಗೆ ಹಾಕುವವನಲ್ಲ. ದೇವರಿಗೆ ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಒಬ್ಬನೇ ತಿನ್ನುವ ಮನೆ ನಮ್ಮದಲ್ಲ.

ತಿಂಗಳಲ್ಲಿ ಅಣ್ಣನ ಮುಖಕ್ಕೆ ಕಳೆ ಬಂತು. ಆಗಲೇ ನೀನು ಚೊಚ್ಚಲ ಬಸುರಿ, ತವರಿಗೆ ಬಂದೆ. ದೇವರ ಮನೆಯ ಹೊಸ್ತಿಲಲ್ಲಿ ಅಣ್ಣ ತೀರ್ಥದ ಉದ್ಧರಣೆಯಲ್ಲಿ ಅದನ್ನೇ ನಿನ್ನ ಅಂಗೈಗೆ ಹಾಕಿದ.

"ನನಗ ಜೀವಾ ಕೊಟ್ಟದ್ದವಾ ಇದು. ತಗೋ, ನಿನಗೂ ಬಲಾ ಬರತದ."

ನಾನು ಅಲ್ಲೇ ನಿಂತಿದ್ದೆ. ಬೇಡ ಎನ್ನಲು ಬಾಯಿ ತೆರೆದೆ — ದೇವರ ಮುಂದೆ ಇಟ್ಟದ್ದೇನೆಂದು ಗೊತ್ತಾದರೆ ಅಣ್ಣ ಬದುಕುತ್ತಾನೆಯೇ, ನನ್ನ ನೌಕರಿ — ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಒಂದು ದಿನವಲ್ಲ, ದಿನಾಲೂ. ಬಾಟಲಿ ಮುಗಿದಾಗ ನಾನೇ ಮತ್ತೆ ಗಡಿ ದಾಟಿದೆ. ನಿಜವಾದ ದ್ರಾಕ್ಷಾಸವ ತಂದಿಟ್ಟರೆ ರುಚಿ ಬೇರೆಯಾಗಿ ಸಿಕ್ಕಿಬೀಳುತ್ತೇನೆಂಬ ಭಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಎಂಟನೆಯ ತಿಂಗಳಲ್ಲೇ ಕೂಸು ಹುಟ್ಟಿತು. ಮೂರು ದಿನ ಇತ್ತು.

ಮನೆಯವರು ಕಾರಣ ಹುಡುಕಿದರು. ಸೂರ್ಯಗ್ರಹಣ ಬಿಟ್ಟಿತೆಂದು ತಪ್ಪಾಗಿ ತಿಳಿದು ನೀನು ಈಳಿಗೆಯ ಮುಂದೆ ಕೂತು ಬದನೆಕಾಯಿ ಕೊಯ್ದಿದ್ದು ಎಲ್ಲರಿಗೂ ನೆನಪಾಯಿತು. ನಿಮ್ಮವ್ವನೂ ಅದನ್ನೇ ಅಂದಳು. ನೀನು ನನ್ನ ಕಡೆ ತಿರುಗಿದೆ.

"ಕಾಕಾ, ನೀವು ಕಲತವರು. ಖರೇನ ಅದರಿಂದನ ಆತೇನ್ರಿ?"

"ಹಿರಿಯಾರು ಹೇಳೂದು ಸುಳ್ಳಿರೂದಿಲ್ಲವಾ" ಎಂದೆ.

ಮರುವರ್ಷ ರಾಜ್ಯ ಒಂದಾಯಿತು. ಶಾಲೆಯಲ್ಲಿ ಪೇಢೆ ಹಂಚಿದೆ. ಗಡಿಯ ಎರಡೂ ಬದಿ ನಮ್ಮವಾದವು. ಆ ಕೊಪ್ಪಳದ ದಾರಿ ಕಂಡರೆ ನನಗೆ ಇಂದಿಗೂ ಹೆದರಿಕೆ.

ವೈನಿನಿಂದಲೇ ಕೂಸು ಹೋಯಿತೆಂದು ಯಾವ ಡಾಕ್ಟರೂ ಆಣೆ ಮಾಡಿ ಹೇಳಲಾರ, ಅಲ್ಲವೆಂದೂ ಹೇಳಲಾರ. ಅಸಲಿ ದ್ರಾಕ್ಷಾಸವದಲ್ಲೂ ಸ್ವಲ್ಪ ಅಮಲು ಇರುತ್ತದಂತೆ — ಆ ಮಾತಿನ ಮರೆಯಲ್ಲಿ ನಾನು ನಿಲ್ಲುವುದಿಲ್ಲ. ನೀನು ಮಾತ್ರ ನಲವತ್ತು ವರ್ಷ, ಪ್ರತಿ ಗ್ರಹಣಕ್ಕೂ ಕೋಣೆಯ ಬಾಗಿಲು ಹಾಕಿಕೊಂಡು, ಹನಿ ನೀರಿಲ್ಲದೆ ಕೂತೆ. ಪ್ರತಿ ಸಲವೂ ನಾನು ನಿನ್ನ ಮನೆಗೆ ಬಂದು, ಆ ಬಾಗಿಲ ಹೊರಗೆ ಕೂತಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮುಂದಿನ ಗ್ರಹಣಕ್ಕೆ ಮೊದಲೇ ನಾನೇ ತರುತ್ತೇನೆ, ನೀನು ಓದಿ ಮುಗಿಸುವ ತನಕ ಎದುರಿಗೆ ಕೂತಿರುತ್ತೇನೆ. ಆಮೇಲೆ ನೀನು ಏನು ಅನ್ನುತ್ತೀಯೋ — ಅದನ್ನು ನೆನೆದೇ ಹೆದರಿದ್ದೇನೆ. ಆದರೂ ಬರುತ್ತೇನೆ. ಅವತ್ತು ನೀನು ಕೊಯ್ದದ್ದು ಬದನೆಕಾಯಿ ಅಷ್ಟೇ, ಇಂದೂ.