ಕನ್ನಡಿ ಇಳಿಸಿದ ಮೇಡಂ

ಇದು ಕಟ್ಟುಕತೆಯಲ್ಲ, ತಲೆ ಮುಟ್ಟಿ ಹೇಳುತ್ತೇನೆ. ಆ ತಲೆಗೆ ತಿಂಗಳಿಗೊಮ್ಮೆ ಕತ್ತರಿ ಹಾಕುವವನ ಬಾಯಿಂದಲೇ ಕೇಳಿದ್ದು. ಮುರಿಯಲು ಹೊರಟ ಸಂಸಾರಗಳ ನಡುವೆ ಇಪ್ಪತ್ತೆಂಟು ವರ್ಷ ಕುರ್ಚಿ ಹಾಕಿಕೊಂಡು ಕೂತ ನಮ್ಮ ಆಪ್ತಸಲಹೆಯ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರು ಎಂಥವರೆಂದು ತಿಳಿಯಲು ಕಟಿಂಗ್ ಶಾಪಿನ ರೇಡಿಯೋನ ಕತೆಯೊಂದೇ ಸಾಕು.

ರೇಡಿಯೋ ಅವನ ಅಡ್ಡಹೆಸರು. ಅಂಗಡಿಯಲ್ಲಿ ಅವನ ಮಾತಿನ ಭರಕ್ಕೆ ಗಿರಾಕಿಯ ಕೂದಲು ತಾನಾಗಿ ಉದುರುತ್ತಿತ್ತು. ಮನೆಗೆ ಬಂದರೆ ಬಾಯಿಗೆ ಬೀಗ. ಹನ್ನೊಂದು ವರ್ಷ ಸಹಿಸಿದ ಹೆಂಡತಿ ಕೊನೆಗೆ ಬಟ್ಟೆ ತುಂಬಿದ ಬ್ಯಾಗು ಹಿಡಿದೇ ಹೊರಟಳು. "ಮೇಡಂ ಹತ್ರ ಬರ್ತೀನಿ. ಅಲ್ಲೂ ಬಾಯಿ ಬಿಡದಿದ್ರೆ ಹಂಗೇ ನಮ್ಮಕ್ಕನ ಮನೆಗೆ."

ಅಲ್ಲಿ ತೀರ್ಪು ಕೊಡುತ್ತಾರೆಂದುಕೊಂಡು ರೇಡಿಯೋ ಇಸ್ತ್ರಿ ಅಂಗಿ ತೊಟ್ಟು ಹೋದ. ಮೇಡಂ ತಪ್ಪು ಯಾರದೆಂದು ಕೇಳಲೇ ಇಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿಸಿಕೊಂಡರು. ಒಳಗಿನ ಮಾತು ಹೊಸ್ತಿಲು ದಾಟುವುದಿಲ್ಲ ಎಂದರು. (ದಾಟಿಸಿದವನು ರೇಡಿಯೋನೇ.) ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿದರು. ನಿಯಮ ಒಂದೇ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು, ಉತ್ತರ ಆಮೇಲೆ.

"ಊಟಕ್ಕೆ ಕೂತ್ರೂ ನೀವು ನನ್ನ ಮುಖ ನೋಡಲ್ಲ," ಎಂದಳು ಹೆಂಡತಿ.

"ನಾನೇನು ಕುಡೀತೀನಾ, ಹೊಡೀತೀನಾ?"

"ಅದು ಉತ್ತರ ಆಯ್ತು. ಅವರು ಹೇಳಿದ್ದೇನು?" ಎಂದರು ಮೇಡಂ.

ಮೂರು ಸಲ ಕೇಳಿದರೂ ಅವನ ಬಾಯಿಂದ ಆ ಮಾತು ಹೊರಡಲಿಲ್ಲ. ಇಳಿದ ಬೆವರಲ್ಲಿ ದೋಣಿ ಬಿಡಬಹುದಿತ್ತು. ಹೆಂಡತಿ ಬ್ಯಾಗು ಎತ್ತಿಕೊಂಡು ಎದ್ದಳು.

ಮೇಡಂ ಮಾತ್ರ ಒಂದನ್ನು ಗಮನಿಸಿದ್ದರು. ಬಂದ ಕೂಡಲೇ ಕೈ ತೊಳೆಯಲು ಹೋದವನು, ಅದೇ ಕೋಣೆಯ ನಲ್ಲಿ ಮೇಲಿನ ಕನ್ನಡಿಯಲ್ಲಿ ತಮ್ಮನ್ನು ನೋಡುತ್ತ ಹತ್ತು ನಿಮಿಷ ಹರಟಿದ್ದ. ಜನರ ಬೆನ್ನ ಹಿಂದೆ ನಿಂತು ಕನ್ನಡಿಗೆ ಮಾತಾಡಿಯೇ ಬದುಕಿದವನಿಗೆ ಎದುರಿನ ಮುಖ ಹೊಸದು. ಅವರು ಎದ್ದು ಆ ಕನ್ನಡಿ ಇಳಿಸಿ ಮೇಜಿಗೆ ಒರಗಿಸಿದರು.

"ಒಂದೇ ನಿಮಿಷ ಕೂತ್ಕೋಮ್ಮ," ಎಂದರು ಹೆಂಡತಿಗೆ. ಗಂಡನಿಗೆ, "ನೀವು ಅವರ ಹಿಂದೆ ನಿಂತ್ಕೊಳ್ಳಿ."

ರೇಡಿಯೋ ಕನ್ನಡಿ ನೋಡಿದ. "ಊಟಕ್ಕೆ ಕೂತ್ರೂ ನಾನು ನಿನ್ನ ಮುಖ ನೋಡಲ್ಲ ಅಂತ ನೀನಂದೆ," ಎಂದ. ಕನ್ನಡಿಯಲ್ಲೇ ಅವಳ ಮುಖ ನೋಡುತ್ತ, "ನೋಡಿದ್ರೆ ಅದ್ರಲ್ಲಿ ಬೇಜಾರೇ ಕಾಣುತ್ತೆ ಕಣೇ. ಹೆದ್ರಿಕೆ ಆಗುತ್ತೆ," ಎಂದ.

"ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ?" ಎಂದಳು ಅವಳು. ಬ್ಯಾಗು ಕುರ್ಚಿಯ ಕೆಳಗೆ ಹೋಯಿತು.

ಮಂಗಳವಾರಕ್ಕೊಮ್ಮೆ ಹೀಗೇ ಕೂರಿಸಿ, ಆರನೇ ವಾರಕ್ಕೆ ಮೇಡಂ ಕನ್ನಡಿಯನ್ನು ಮತ್ತೆ ಗೋಡೆಗೆ ತೂಗುಹಾಕಿದರು. ಅವನು ಎದುರಿಗೇ ಕೂತು ಮಾತಾಡಿದ.

ಮೇಡಂ ನೂರು ವರ್ಷ ಬಾಳಲಿ, ಬೇರೆಯವರ ಜಗಳ ಕೇಳಿ ದಣಿದ ಕಿವಿಗೆ ಒಂದಿಷ್ಟು ಬಿಡುವು ಸಿಗಲಿ. ಬಿಡುವು ಬೇಜಾರಾದರೆ ಮತ್ತೆ ಬಾಗಿಲು ತೆರೆಯಲಿ. ಇನ್ನು, ಇಷ್ಟು ಹೊತ್ತು ಓದಿದ ತಾವು: ಇವತ್ತು ಬೆಳಿಗ್ಗೆ ನಿಮ್ಮ ಮನೆಯವರು ಹೇಳಿದ್ದನ್ನು ತಿರುಗಿ ಹೇಳಿ ನೋಡೋಣ. ಬರಲಿಲ್ಲವೇ? ಬೇಗ ಹೊರಡಿ, ಮೇಡಂ ಬಳಿ ಇನ್ನೊಂದೇ ಮಂಗಳವಾರ ಉಳಿದಿದೆ.